ಮೂರು ಸೋಮವಾರಗಳ ಬ್ಯಾಟರಿ

ಚಿಂತಾಮಣಿ
15-2-2007, ಗುರುವಾರ, ಸಂಜೆ ಐದೂವರೆ

ಪ್ರೀತಿಯ ತನುಜಾ,

ಕೆಮ್ಮು ಹೇಗಿದೆ? ಕುಡುಮಲಕುಂಟೆಯ ಆ ಲ್ಯಾಬಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತೀಯೆಂದು ನಿನ್ನಮ್ಮ ಹೇಳಿದಳು. ಗೌರಿಬಿದನೂರಿನ ರೂಮಿನಲ್ಲಿ ಬೆಳಿಗ್ಗೆ ಬಿಸಿನೀರು ಸಿಗುತ್ತದೆಯೋ ಇಲ್ಲವೋ ಎಂದು ಕೇಳಲು ಅವಳು ಮರೆತಿದ್ದಾಳೆ, ನಾನು ಕೇಳುತ್ತಿದ್ದೇನೆ. ಇಲ್ಲಿ ಅಜ್ಜಿಯ ಮಂಡಿನೋವು ಹಾಗೆಯೇ ಇದೆ, ಬಾಯಿಯೂ ಹಾಗೆಯೇ ಇದೆ. ನಾನು ಚೆನ್ನಾಗಿದ್ದೇನೆ. ನೀನು ಅಮ್ಮನ ಫೋನು ಬಂದರೆ ಮಾತಾಡುತ್ತೀಯೆ, ನನ್ನದು ಬಂದರೆ ಕಟ್ ಮಾಡುತ್ತೀಯೆ. ಐದು ವಾರದಲ್ಲಿ ಹನ್ನೊಂದು ಸಲ. ಅದಕ್ಕೇ ಈ ಕಾಗದ. ಇದನ್ನಾದರೂ ಕೊನೆಯವರೆಗೆ ಓದು. ಅಜ್ಜಿ, ನಿನ್ನಮ್ಮ ಇಬ್ಬರೂ ಮಂಡಿಗೆ ಎಣ್ಣೆ ತರಲು ನಾಟಿ ವೈದ್ಯರ ಮನೆಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ವಿಷಯ ಕಾರಿನದು. ಡಿಸೆಂಬರ್ ನಾಲ್ಕು, ಡಿಸೆಂಬರ್ ಹದಿನೆಂಟು, ಜನವರಿ ಎಂಟು. ಮೂರೂ ಸೋಮವಾರ. ಮೂರೂ ಸಲ ಹಿಂದಿನ ದಿನ ನೀನು ಊರಲ್ಲಿದ್ದೆ, ಕಾರು ಓಡಿಸಿದ್ದೆ. ನಾನು ಓಡಿಸಿ ನಿಲ್ಲಿಸಿದರೆ ಮಾರನೆಯ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ನೀನು ನಿಲ್ಲಿಸಿದರೆ ಮಾರನೆಯ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಟಿಕ್ ಎಂಬ ಶಬ್ದ, ಅಷ್ಟೇ. ಎರಡನೆಯ ಸಲದ ನಂತರ ಹೊಸ ಬ್ಯಾಟರಿ ಹಾಕಿಸಿದೆ. ಮೂರನೆಯ ಸೋಮವಾರ ಅದೂ ಸತ್ತಿತು. ಮೊದಲ ಭಾನುವಾರ ನೀನು ಕಾರು ನಿಲ್ಲಿಸಿದ ಮೇಲೂ ಕಾಲು ಗಂಟೆ ಒಳಗೇ ಕೂತು ಹಾಡು ಕೇಳುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ಎಲ್ಲ ಸಲವೂ ಇರುವುದು ಯಾವುದು, ಒಂದು ಸಲ ಮಾತ್ರ ಇರುವುದು ಯಾವುದು ಎಂದು ಬೇರೆ ಮಾಡಿ ನೋಡುವ ಕೆಲಸ ನನಗೆ ಹೊಸದಲ್ಲ. ಎಲ್ಲ ಸಲವೂ ಇದ್ದವಳು ನೀನು. ನನ್ನ ಬುದ್ಧಿ ಅಲ್ಲಿಗೇ ನಿಂತಿತು.

ಮೂರನೆಯ ಸೋಮವಾರದ ಬೆಳಿಗ್ಗೆ ನಿನಗೂ ನೆನಪಿರುತ್ತದೆ. ನೀನು ರಜೆ ಹಾಕಿದ್ದೆ. ಎದುರುಮನೆಯ ಗಂಗುಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು, “ಏನ್ ಮೇಷ್ಟ್ರೇ, ಇದು ನಮ್ಮನ್ನ ಕೂರಿಸ್ಕೊಂಡು ಹೋಗೋ ಕಾರೋ, ನಾವು ತಳ್ಕೊಂಡು ಹೋಗೋ ಗಾಡಿನೋ?” ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಶೆಡ್ಡಿನಿಂದ ಹೊರಗೆ ತಳ್ಳಿ ಬಿಸಿಲಿಗೆ ನಿಲ್ಲಿಸಿದೆವು. ಆಟೋ ಎಲೆಕ್ಟ್ರಿಷಿಯನ್ ಮುನಿಶಾಮಿ ತನ್ನ ಬ್ಯಾಟರಿ ತಂದಿಟ್ಟು, ಅದರ ಒಂದು ತಂತಿ ಬಿಚ್ಚಿ, ನಡುವೆ ಒಂದು ಬಲ್ಬು ಸೇರಿಸಿದ. ಕೀಲಿ ತೆಗೆದ ಮೇಲೂ ಕಾರಿನಲ್ಲಿ ಏನಾದರೂ ಕರೆಂಟು ಹೀರುತ್ತಿದ್ದರೆ ಆ ಬಲ್ಬು ಉರಿಯಬೇಕು. ಉರಿಯಲಿಲ್ಲ. “ಬಂಡೀಲೇನೂ ಇಲ್ಲ ಸಾರ್. ಯಾರೋ ಕೂತ್ಕಂಡು ಪಾಟಲು ಕೇಳಿರ್ತಾರೆ,” ಎಂದು ನಿನ್ನ ಕಡೆ ನೋಡಿದ. ಹಾಡಿಗೆ ಅವನು ಪಾಟಲು ಎನ್ನುವುದಕ್ಕೆ ನೀನು ಯಾವಾಗಲೂ ನಗುತ್ತಿದ್ದೆ, ಅಂದು ನಗಲಿಲ್ಲ. “ನಿನ್ನೆ ನಾನು ಟೇಪ್ ಮುಟ್ಟೇ ಇಲ್ಲಪ್ಪ,” ಎಂದೆ ನೀನು. ನಾನು ಉರಿಯದ ಆ ಬಲ್ಬನ್ನೇ ನೋಡಿದೆ. “ಹಂಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ಹೇಳಿ, ಹೌದು ಅನ್ನಿ.” ನಾನು ಹೌದು ಎಂದೆ. ನೀನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, “ಇನ್ಮೇಲೆ ಇದನ್ನ ನಿಮ್ ಜೇಬಲ್ಲೇ ಇಟ್ಕೊಳಿ,” ಎಂದು ಒಳಗೆ ಹೋಗಿ ಬ್ಯಾಗು ತಂದೆ. ಹತ್ತು ಗಂಟೆಯ ಬಸ್ಸಿಗೆ ಹೋದವಳು ಮತ್ತೆ ಬಂದಿಲ್ಲ.

ಆಮೇಲಿನ ಐದು ವಾರ ಕಾರು ಒಂದು ದಿನವೂ ಕೈಕೊಡಲಿಲ್ಲ. ಅದನ್ನು ನಾನು ಪುರಾವೆ ಎಂದುಕೊಂಡೆ. ನಿನ್ನಮ್ಮನಿಗೆ, “ನೋಡು, ಅವಳಿಲ್ಲ, ಬ್ಯಾಟರಿ ಸರಿಯಾಗಿದೆ,” ಎಂದು ಹೇಳಿಯೂ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ, “ಬ್ಯಾಟ್ರಿ ಸರಿಯಾಗಿದ್ರೆ ಅದರ ಜೊತೇನೇ ಮಾತಾಡ್ಕೊಂಡು ಕೂತ್ಕೊಳಿ,” ಎಂದಳು.

ಈ ಸೋಮವಾರ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಕೆಲಸಕ್ಕೆ ಅಂಬಾಜಿದುರ್ಗದ ಕಡೆಯ ಒಂದು ಹೈಸ್ಕೂಲಿಗೆ ನನ್ನನ್ನು ಹಾಕಿದ್ದರು. ಸ್ಕೂಲಿರುವುದು ಇಳಿಜಾರಿನಲ್ಲಿ. ಹುಣಸೆಮರದ ನೆರಳಲ್ಲಿ ಕಾರಿನ ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ನಂಬುವಂತಿಲ್ಲವೆಂದು ರಿವರ್ಸ್ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಒಳಗೆ ಹೋದೆ. ಸಂಜೆ ಐದಕ್ಕೆ ಬಂದು ಕೀಲಿ ತಿರುಗಿಸಿದರೆ ಟಿಕ್. ಸ್ಟಿಯರಿಂಗ್ ಮೇಲೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಕೈ ಇನ್ನೂ ನೋಯುತ್ತಿದೆ. ಕಾರಿನಲ್ಲಿ ನನ್ನನ್ನು ಬಿಟ್ಟು ಯಾರೂ ಕೂತಿರಲಿಲ್ಲ. ಅಷ್ಟರಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕಿ ಹತ್ತಿರ ಬಂದಳು. ಮುನಿಗಂಗಮ್ಮ ಎಂದು ಆಮೇಲೆ ಗೊತ್ತಾಯಿತು. “ಏನ್ ಸ್ವಾಮಿ, ಬೆಳಗ್ಗಿಂದ ನಿನ್ ಬಂಡಿ ಹಿಂದೆ ಬಿಳೀ ಲೈಟು ಉರೀತಾನೇ ಐತೆ. ಈಗ ಹಿಂದಕ್ಕೆ ಬತ್ತದೆ, ಆಗ ಬತ್ತದೆ ಅಂತ ಮೇಕೆಗಳ್ನ ಆ ಕಡೆ ಬಿಡ್ನೇ ಇಲ್ಲ. ಬಗ್ಗಿ ನೋಡಿದ್ರೆ ಒಳಗೆ ಯಾರೂ ಇಲ್ಲ. ದಯ್ಯ ಗಿಯ್ಯ ಓಡಿಸ್ತದಾ ಇದನ್ನ?” ಹಿಂದಕ್ಕೆ ಹೋಗಿ ದೀಪಕ್ಕೆ ಕೈ ಅಡ್ಡ ಹಿಡಿದು ನೋಡಿದೆ. ಬಲ್ಬಿನೊಳಗೆ ಆರುತ್ತಿರುವ ಊದುಬತ್ತಿಯಷ್ಟು ಕೆಂಪು. ಕೀಲಿ ನನ್ನ ಜೇಬಿನಲ್ಲಿತ್ತು. ಗೇರನ್ನು ನ್ಯೂಟ್ರಲ್‌ಗೆ ತಂದೆ, ಕೆಂಪು ಹೋಯಿತು. ರಿವರ್ಸ್‌ಗೆ ಹಾಕಿದೆ, ಬಂತು. ಕಲ್ಲು ತೆಗೆದು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಿಕೊಂಡು ನೇರ ಮುನಿಶಾಮಿಯ ಅಂಗಡಿಗೆ ಹೋದೆ.

ನಾನೇ ಶಿಡ್ಲಘಟ್ಟದಲ್ಲಿ ಹಾಕಿಸಿದ್ದ ರಿವರ್ಸ್ ಹಾರ್ನ್ ನಿನಗೆ ಗೊತ್ತಲ್ಲ, ಅದರ ಸಂಗೀತ ತಾಳಲಾರದೆ ಅಜ್ಜಿ ಬೈದಳೆಂದು ನವೆಂಬರಿನಲ್ಲಿ ತೆಗೆಸಿದೆ. ತೆಗೆದವನು ಉಳಿದ ತಂತಿಗಳನ್ನು ಹೇಗೆ ಬೇಕೋ ಹಾಗೆ ಸುತ್ತಿ ಕಪ್ಪು ಇನ್ಸುಲೇಷನ್ ಪಟ್ಟಿ ಅಂಟಿಸಿದ್ದಾನೆ. ಕೀಲಿ ತೆಗೆದೊಡನೆ ಆರಬೇಕಾದ ಹಿಂದಿನ ದೀಪಗಳಿಗೆ ಅಂದಿನಿಂದ ಬ್ಯಾಟರಿಯೇ ನೇರ ಕರೆಂಟು ಕೊಡುತ್ತಿದೆ. ಗೇರು ರಿವರ್ಸ್‌ನಲ್ಲಿದ್ದರೆ ಸಾಕು, ಅವು ಉರಿಯುತ್ತಲೇ ಇರುತ್ತವೆ. ನಮ್ಮ ಶೆಡ್ಡು ಏರಿನಲ್ಲಿದೆ. ನಾನು ಮೂತಿ ಮುಂದೆ ಮಾಡಿ ಏರಿಸಿ ಫಸ್ಟ್ ಗೇರಿನಲ್ಲಿ ನಿಲ್ಲಿಸುತ್ತೇನೆ. ನೀನು ಆ ಸಂದಿಯಲ್ಲಿ ಒಂದೇ ಸಲಕ್ಕೆ ಹಿಮ್ಮುಖವಾಗಿ ಏರಿಸುತ್ತೀಯೆ; ನನಗೆ ಇವತ್ತಿಗೂ ಅದು ಬರುವುದಿಲ್ಲ. ಮೂತಿ ಕೆಳಕ್ಕಿದ್ದರೆ ರಿವರ್ಸ್ ಹಾಕಿ ನಿಲ್ಲಿಸಬೇಕೆಂದು ನಿನಗೆ ಕಲಿಸಿದವನು ನಾನೇ. ಕಲಿಸಿದ ಹಾಗೇ ನೀನು ಮಾಡಿದೆ. ಕಾರಿನ ಮೇಲೆ ಕವರ್ ಎಳೆದು ದೀಪಗಳನ್ನು ಮುಚ್ಚಿದವನೂ ನಾನೇ. ಬೆಳಿಗ್ಗೆ ಕಾರು ಸತ್ತಾಗ ತಳ್ಳುವುದಕ್ಕೆಂದು ಎಲ್ಲರೂ ಮೊದಲು ಮಾಡುವ ಕೆಲಸ ಗೇರನ್ನು ನ್ಯೂಟ್ರಲ್‌ಗೆ ತರುವುದು. ಅಂದರೆ ಮೂರು ಸಲವೂ ತಪ್ಪನ್ನು ಅಳಿಸಿಹಾಕಿ, ಆಮೇಲೆ ಬಿಸಿಲಿನಲ್ಲಿ ನಿಂತು ಹುಡುಕಿದ್ದೇವೆ. ಮುನಿಶಾಮಿ ಇದನ್ನು ಕೇಳಿ, “ಹೋಗ್ಲಿ ಬಿಡಿ ಸಾರ್, ಬಂಡಿ ಅಂದ್ಮೇಲೆ ಇದ್ದದ್ದೇ,” ಎಂದು ಎರಡು ನಿಮಿಷದಲ್ಲಿ ತಂತಿ ಕತ್ತರಿಸಿ ಸರಿಮಾಡಿದ. ಎರಡು ನಿಮಿಷ! ಐದು ವಾರ ನೀನು ಊರಿಗೆ ಬರದೇ ಹೋದದ್ದು ಎರಡು ನಿಮಿಷದ ಕೆಲಸಕ್ಕೆ. ಅವನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹಾರ್ನ್ ತೆಗೆದವನ ಮೇಲೂ ಇದೆ, ನನ್ನ ಮೇಲೂ ಇದೆ.

ತಪ್ಪು ತಿಳಿದುಕೊಂಡು ನಿನ್ನನ್ನು ಬೈದೆ. ಕ್ಷಮಿಸು ಎಂದು ಕೇಳುವುದು ನನಗೆ ಅಭ್ಯಾಸವಿಲ್ಲ, ಕೇಳುತ್ತಿದ್ದೇನೆ. ಅಜ್ಜಿ ನಿನಗೆ ಹುರಿಗಾಳು ಮಾಡಿ ಡಬ್ಬಿಗೆ ತುಂಬಿಸಿಟ್ಟಿದ್ದಾಳೆ, ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಕೆಮ್ಮು ವಾರದೊಳಗೆ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ತಾಯಿ.

ನಿನ್ನ ಅಪ್ಪ
ನರಸಿಂಹಮೂರ್ತಿ

ತಾ.ಕ.: ಗೇಟಿನ ಶಬ್ದವಾಯಿತು, ಅವರು ಬಂದರು. ಬೇಗ ಬರೆಯುತ್ತೇನೆ. ತಪ್ಪು ತಿಳಿದುಕೊಂಡೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಜನವರಿ ಆರು, ಶನಿವಾರ, ನೀನು ಬಸ್ಸಿಳಿಯುವ ಮೊದಲೇ ನಾನು ಟೇಪಿನ ಫ್ಯೂಸ್ ಕಿತ್ತಿದ್ದೆ. ಅದು ನನ್ನ ಪರೀಕ್ಷೆ: ಫ್ಯೂಸ್ ಇಲ್ಲದೆಯೂ ಬ್ಯಾಟರಿ ಸತ್ತರೆ ನಿನ್ನ ತಪ್ಪಲ್ಲ. ಆ ಟೇಪು ಹಾಡುವ ಸ್ಥಿತಿಯಲ್ಲೇ ಇರಲಿಲ್ಲ. ನೀನು ಮುಟ್ಟಿರಲಿಲ್ಲ, ಆದ್ದರಿಂದ ಅದು ನಿನಗೆ ಗೊತ್ತೇ ಆಗಲಿಲ್ಲ. ಸೋಮವಾರ ನೀನು “ಹೌದು ಅನ್ನಿ” ಎಂದಾಗ ಫ್ಯೂಸ್ ನನ್ನ ಅಂಗಿಯ ಜೇಬಿನಲ್ಲಿತ್ತು. ನೀನು ನಿಜ ಹೇಳುತ್ತಿದ್ದೀಯೆಂದು ಆ ಬೀದಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಮುನಿಶಾಮಿ, ಗಂಗುಲಪ್ಪನವರ ಎದುರು ನನ್ನ ಲೆಕ್ಕ ತಪ್ಪಿತೆಂದು ಹೇಳಲು ಬಾಯಿ ಬರಲಿಲ್ಲ. ಈ ಭಾನುವಾರ ಬೆಳಿಗ್ಗೆ ಮುನಿಶಾಮಿಯನ್ನೂ ಗಂಗುಲಪ್ಪನವರನ್ನೂ ಶೆಡ್ಡಿನ ಮುಂದೆ ಕರೆದು, ಫ್ಯೂಸ್ ತೋರಿಸಿ, ಸುಳ್ಳು ಹೇಳಿದವನು ನಾನು ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಇವತ್ತು ಗುರುವಾರ. ನಿನ್ನಮ್ಮನಿಗೂ ಇನ್ನೂ ಹೇಳಿಲ್ಲ.