ಹೆದರಿಕೆಯ ಬನ್ನು

ಅಟ್ಲಿಸ್ಕೊ, ಪ್ವೆಬ್ಲಾ
ಅಕ್ಟೋಬರ್ 15, ಮಂಗಳವಾರ

ಪ್ರೀತಿಯ ಮಗಳು ಒಟೀಲಿಯಾಗೆ,

ನಿನ್ನ ಕೆಮ್ಮು ಹೇಗಿದೆ? ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಮಂಜುಗಡ್ಡೆಯ ಮಧ್ಯೆ ನಿಂತರೆ ಕೆಮ್ಮು ಬಾರದೆ ಇನ್ನೇನು ಬರುತ್ತದೆ? ಎದೆಗೆ ಬೆಚ್ಚಗೆ ಏನಾದರೂ ಸುತ್ತಿಕೊ. ಫೋನ್ ಇರುವಾಗ ಅಮ್ಮ ಕಾಗದವೇಕೆ ಬರೆದಳು ಎಂದು ಹುಬ್ಬೇರಿಸಬೇಡ. ನಾನು ಫೋನ್ ಹಿಡಿದರೆ ಸಾಕು, ನಿನ್ನ ಅಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಪಕ್ಕದ ಮನೆಯಿಂದ ಮಾತಾಡಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಅದಕ್ಕೇ ಚೆಂಡುಹೂವಿನ ಲಾರಿಯಲ್ಲಿ ನೀನಿರುವ ಟಾಂಪಿಕೊಗೆ ಹೊರಟಿರುವ ಎರಿಬೆರ್ತೊನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅಪ್ಪನ ಸಕ್ಕರೆ ಕಾಯಿಲೆ ನಿನಗೆ ಗೊತ್ತಿರುವುದೇ. ಭೂಕಂಪದ ದಿನ ನಮ್ಮ ಹೂಗಿಡಗಳ ನರ್ಸರಿಯ ಗೋಡೆ ಕಣ್ಣೆದುರೇ ಕುಸಿದಾಗ ಬೆಚ್ಚಿಬಿದ್ದರಲ್ಲ, ಆ ಹೆದರಿಕೆಯಿಂದಲೇ ಅದು ಮೈಸೇರಿತು. ಡಾಕ್ಟರುಗಳು ಏನೇ ಹೇಳಲಿ, ನಮ್ಮ ಬೀದಿಯಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ. ಹಾಗಾಗಿ ಕೆಟ್ಟ ಸುದ್ದಿ ಯಾವುದೂ ಅವರ ಕಿವಿಗೆ ಬೀಳದಂತೆ ಕಾಯುತ್ತ ಬಂದೆವು. ಅವರ ಗೆಳೆಯ ಎವರಿಸ್ತೊ ಸತ್ತಾಗಲೂ 'ಮಗನ ಮನೆಗೆ ಹೋಗಿದ್ದಾನೆ' ಎಂದು ತಿಂಗಳುಗಟ್ಟಲೆ ನಂಬಿಸಿದೆ.

ಈ ಸಲ ಮಳೆ ಶುರುವಾದಾಗ ಅವರ ಪಾದಕ್ಕೆ ಗುಲಾಬಿ ಮುಳ್ಳು ಹೊಕ್ಕಿತು. ಗಾಯ ಮಾಯಲಿಲ್ಲವೆಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಗೆ ಹೊಸದಾಗಿ ಬಂದ ಡಾಕ್ಟರಮ್ಮ, ಕಪ್ಪಗೆ ಕೊಳೆತ ಪಾದವೊಂದರ ಫೋಟೊವನ್ನು ಅವರ ಮುಖಕ್ಕೇ ಹಿಡಿದಳು. 'ಹೇಳಿದ್ದು ಕೇಳದಿದ್ರೆ ನಿಮ್ಮ ಕಾಲೂ ಹೀಗಾಗುತ್ತೆ, ಯಜಮಾನ್ರೇ!' ಅಪ್ಪನ ಮುಖ ಬಿಳಿಚಿಕೊಂಡಿತು. ನಾನು ಸುಮ್ಮನಿರಲೇ? ಹೆದರಿದವರಿಗೆ ಏನು ಕೊಡಬೇಕೋ ಅದನ್ನೇ ಕೊಟ್ಟೆ. ಹೊರಗೆ ಬೆಂಚಿನ ಮೇಲೆ ಕೂರಿಸಿ, ಎದುರಿನ ಬೇಕರಿಯಿಂದ ಬನ್ನು ತಂದು, ಚೂರೂ ಬಿಡದಂತೆ ತಿನ್ನಿಸಿದೆ. ನೀನು ಮರದಿಂದ ಬಿದ್ದಾಗಲೂ ಅದನ್ನೇ ತಿನ್ನಿಸಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕರೆದು ಬೆರಳು ಚುಚ್ಚಿ ನೋಡಿದರೆ, ಸಕ್ಕರೆ ಎಲ್ಲಿಗೋ ಏರಿ ಕೂತಿತ್ತು. 'ಸಕ್ಕರೆ ಇರೋರಿಗೆ ಯಾರಾದ್ರೂ ಬನ್ನು ಕೊಡ್ತಾರೇನಮ್ಮ?' ಎಂದು ಡಾಕ್ಟರಮ್ಮ ರೇಗಿದಳು. 'ಹೆದರಿಸಿದ್ದು ನೀವು, ಮದ್ದು ಕೊಟ್ಟಿದ್ದು ನಾನು' ಎಂದೆ. ಅಪ್ಪ ಬೇರೆಯೇ ಲೆಕ್ಕ ಹಾಕಿದರು: ಆಸ್ಪತ್ರೆಗೆ ಹೋದರೆ ಸಕ್ಕರೆ ಏರುತ್ತದೆ, ಮನೆಯಲ್ಲಿದ್ದರೆ ಇಲ್ಲ. ಅಲ್ಲಿಂದಾಚೆ ಆ ಕಡೆ ತಲೆ ಹಾಕಿಲ್ಲ.

ಈಗ ಕಾಲಿನ ಎರಡು ಬೆರಳು ಕಪ್ಪಾಗಿವೆ. ನಿನ್ನೆ ಡಾಕ್ಟರಮ್ಮ ತಾನೇ ಮನೆಗೆ ಬಂದಳು. ಫೋಟೊ ತಂದಿರಲಿಲ್ಲ. ಹೂಕುಂಡಗಳ ಮಧ್ಯೆ ಬಕೆಟ್ ಬೋರಲು ಹಾಕಿ ಕೂತು, ಅಪ್ಪನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಶುಕ್ರವಾರದೊಳಗೆ ಆ ಬೆರಳುಗಳನ್ನು ತೆಗೆಸಿದರೆ ಕಾಲು ಉಳಿಯಬಹುದು ಎಂದು ಮೆಲ್ಲಗೆ ಹೇಳಿದಳು. ಹೇಳುವಾಗ ಪಾಪ, ಅವಳ ಕಣ್ಣು ತುಂಬಿಬಂತು. ಅಲ್ಲೇ ಕೆಟ್ಟಿತು ನೋಡು. ಅಪ್ಪ ಸರಕ್ಕನೆ ಪಾದ ಎಳೆದುಕೊಂಡರು. 'ಡಾಕ್ಟ್ರೇ ಅಳ್ತಿದಾರೆ ಅಂದ್ರೆ ನನ್ನ ಕಥೆ ಮುಗೀತು ಅಂತ್ಲೇ. ಬೆರಳು ಕೊಟ್ರೆ ಹಸ್ತ ನುಂಗೋ ಜನ ಇವ್ರು. ನಾನು ಎರಡು ಕಾಲಲ್ಲೇ ಮಣ್ಣಿಗೆ ಹೋಗ್ತೀನಿ, ಬಿಡಿ.'

ಹೆದರಿಸಿದರೂ ಕೆಟ್ಟಿತು, ಮರುಗಿದರೂ ಕೆಟ್ಟಿತು. ಇನ್ನು ಯಾವ ಮುಖ ಹೊತ್ತು ಅವರೆದುರು ನಿಲ್ಲಬೇಕೋ ತಿಳಿಯದಾಗಿದೆ. ನನಗೆ ತುಂಬ ಭಯವಾಗುತ್ತಿದೆ, ಮಗಳೇ.

ಹೊತ್ತುಹೊತ್ತಿಗೆ ಉಣ್ಣು. ಗ್ವಾದಲೂಪೆಯ ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ದೊಮಿತೀಲಾ

ಮರೆತ ಮಾತು: ಎರಿಬೆರ್ತೊ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಅಪ್ಪ ಕೊನೆಗೂ ಬಾಯಿಬಿಟ್ಟರು: 'ಒಟೀಲಿಯಾ ಹೇಳ್ಲಿ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ಅವಳ ದನಿ ಕೇಳಿದ್ರೆ ನಾನು ಬದುಕ್ತೀನೋ ಇಲ್ವೋ ಗೊತ್ತಾಗುತ್ತೆ.' ಗುರುವಾರ ಸಂಜೆ ತಪ್ಪದೆ ಫೋನ್ ಮಾಡು. ಎರಡು ಬೆರಳಿಗೆ ಇಷ್ಟೊಂದು ರಂಪವೇ ಎಂದು ಚೆನ್ನಾಗಿ ಬೈ. ನೀನು ಬೈದರೆ ನಂಬುತ್ತಾರೆ. ದನಿ ಮಾತ್ರ ನಡುಗಬಾರದು. ಈ ಕಾಗದ ಹಿಡಿದು ಎಷ್ಟು ಬೇಕೋ ಅಷ್ಟು ಅತ್ತುಬಿಡು. ಅತ್ತು ಮುಗಿದ ಮೇಲೆ ಫೋನ್ ಮಾಡು.