ಚೆಂಬೂರಿನ ಗಲ್ಲಿಯ ಮನೆ

ಭಾಂಡುಪ್, ಮುಂಬಯಿ
೧೪ ಸೆಪ್ಟೆಂಬರ್ ೧೯೭೨

ನಮ್ಮ ನಾಗಕ್ಕಗೆ,

ನಿನ್ನ ತಂಗಿ ರುದ್ರವ್ವ ಕಾಲು ಮುಟ್ಟಿ ಬರೆಯುವುದು. ನಾವು ಇಲ್ಲಿ ಕ್ಷೇಮ ಎಂದು ಬರೆಯಲು ಹೋದೆ, ಕೈ ಮುಂದೆ ಸಾಗಲಿಲ್ಲ. ಅದಕ್ಕೇ ಕ್ಷೇಮದ ಮಾತು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಇದನ್ನು ಅಣವೀರಪ್ಪ ಭಾವನವರ ಮುಂದೆ ಓದಬೇಡ.

ನಮ್ಮವರು ಮೊದಲಿನ ಹಾಗಿಲ್ಲ ಅಕ್ಕಾ. ಟಪಾಲ ಕಚೇರಿಯಲ್ಲಿ ಕಾಗದಗಳ ಮೇಲೆ ತಾರೀಖಿನ ಶಿಕ್ಕಾ ಹೊಡೆಯುವ ಅವರ ಕೆಲಸ ಸಂಜೆಗೆ ಮುಗಿಯುತ್ತದೆ. ಮೊದಲು ದೀಪ ಹಚ್ಚುವ ಹೊತ್ತಿಗೆ ಚಾಳಿನ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳುತ್ತಿತ್ತು. ಈಗ ಪಕ್ಕದ ಖೋಲಿಯ ಇಂದ್ರಾಬಾಯಿಯ ಮನೆಯವರ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಬರುತ್ತಾರೆ. ಕೇಳಿದರೆ ಲೋಕಲ್ ತುಂಬಿತ್ತು ಅನ್ನುತ್ತಾರೆ. ಮುಂಬಯಿಯಲ್ಲಿ ಲೋಕಲ್ ಖಾಲಿ ಬಂದದ್ದನ್ನು ಯಾರು ನೋಡಿದ್ದಾರೆ?

ಬಂದವರ ಮೈಗೆ ಒಂದು ವಾಸನೆ, ಸ್ಪಿರಿಟ್ಟಿನ ಹಾಗೆ, ಮೂಗಿಗೆ ಚುಚ್ಚುತ್ತದೆ. ಕೈ ನಡುಗುತ್ತದೆ. ಸೋಮವಾರ ಚಹಾದ ಕಪ್ಪು ಬಸಿ ಎರಡೂ ಕೈಯಿಂದ ಜಾರಿ ಒಡೆದವು. ನಾನು ಚೂರು ಆರಿಸುವಾಗ ಅವರು ನನ್ನ ಮುಖ ನೋಡಲಿಲ್ಲ, ಎದ್ದು ಗ್ಯಾಲರಿಗೆ ಹೋಗಿ ನಿಂತರು. ಮುಂಜಾನೆ ನನ್ನ ಮಗ್ಗುಲಲ್ಲೇ ಕೂತು ಲಿಂಗಪೂಜೆ ಮಾಡುತ್ತಿದ್ದವರು ಈಗ ಗೋಡೆಗೆ ಮುಖ ಮಾಡಿ, ಮುಂದೆ ಮೆತ್ತಗೆ ಕಂಬಳಿ ಹಾಸಿಕೊಂಡು, ಅವಸರದಲ್ಲಿ ಮುಗಿಸುತ್ತಾರೆ. ಕುಡಿದ ಕೈಯಲ್ಲಿ ಲಿಂಗ ಹಿಡಿಯಲು ಅಂಜಿಕೆಯೇ?

ಇನ್ನೊಂದು ಹೇಳುತ್ತೇನೆ. ಅವರಿಗೆ ರೊಟ್ಟಿ ಬೇಡವಾಗಿದೆ. ಅನ್ನ ಮೆತ್ತಗೆ ಮಾಡು, ಗಂಜಿ ಮಾಡು ಅನ್ನುತ್ತಾರೆ. ನಮ್ಮ ಕಡೆಯ ಗಂಡಸು ಬಿಸಿರೊಟ್ಟಿ ದೂಡಿದನೆಂದರೆ ಅವನಿಗೆ ಬೇರೆಲ್ಲೋ ಎಲೆ ಬೀಳುತ್ತಿದೆ ಎಂದೇ ನನಗನ್ನಿಸಿತು.

ಇದೆಲ್ಲ ನನ್ನ ತಲೆಯ ಹುಳ ಎಂದು ಸುಮ್ಮನಿದ್ದೆ. ಮೊನ್ನೆ ಇದೇ ಇಂದ್ರಾಬಾಯಿ ನಳದ ಹತ್ತಿರ ನನ್ನನ್ನು ಬದಿಗೆ ಕರೆದಳು. ಬೆಳಗಾವಿಯವಳು, ಆಕೆಯ ತಂಗಿಯ ಮನೆ ಚೆಂಬೂರಿನಲ್ಲಿ. “ನಿಮ್ಮವರು ಚೆಂಬೂರಿಗೆ ಯಾಕ ಬರ್ತಾರ್ರೀ? ನಮ್ಮ ತಂಗಿ ಗಲ್ಲಿಯೊಳಗ ಮತ್ತ ಮತ್ತ ನೋಡೇನಿ. ಒಬ್ಬಾಕಿ ತಲಿ ತುಂಬ ಸೆರಗ ಹೊತ್ತಾಕಿ ಬಾಗಲಾ ತಗದು ಒಳಗ ಕರಕೊಂಡ್ಲು” ಅಂದಳು.

ನಮ್ಮ ಭಾಂಡುಪಿಗೆ ಬರುವವರು ನಡುವೆ ಕುರ್ಲಾದಲ್ಲಿ ಇಳಿದು, ಬೇರೆ ಗಾಡಿ ಹತ್ತಿದರೆ ಮಾತ್ರ ಚೆಂಬೂರು. ದಾರಿ ತಪ್ಪಿ ಹೋಗುವ ಜಾಗವಲ್ಲ ಅಕ್ಕಾ.

ನಾನು ಏನು ಮಾಡಲಿ, ಬೇಗ ಬರೆ.

ನಿನ್ನ
ರುದ್ರವ್ವ

&nbsp;

ವಿಜಾಪುರ
೨೫ ಸೆಪ್ಟೆಂಬರ್ ೧೯೭೨

ತಂಗಿ ರುದ್ರವ್ವಗೆ ನಾಗಕ್ಕನ ಆಶೀರ್ವಾದ.

ಭಾವನವರ ಮುಂದೆ ಓದಬೇಡ ಅಂದಿದ್ದೆ, ಓದಲಿಲ್ಲ. ಆದರೆ ಬಾಯಿಂದ ಹೇಳಿಬಿಟ್ಟೆ. ನಿನ್ನ ಕಾಗದ ಇಟ್ಟುಕೊಂಡು ಒಬ್ಬಳೇ ಕೂತಿರಲು ನನ್ನಿಂದ ಆಗಲಿಲ್ಲ.

ಮೊದಲು ಇದನ್ನು ಹೇಳು. ಲಕೋಟೆಯ ಮೇಲೆ ತಾರೀಖೇ ಕಾಣಲಿಲ್ಲ, ಊರಿನ ಹೆಸರೂ ಇಲ್ಲ, ಬರೀ ಕರಿಮಸಿ ಬಡಿದಂತಿದೆ. ಒಂದು ಕಡೆ ಹರಿದೂ ಹೋಗಿದೆ. ಯಾರಾದರೂ ಬಿಚ್ಚಿ ಓದಿ ಮುಂದೆ ಕಳಿಸಿದರೋ? ನಿನ್ನ ಗಂಡ ಶಿವಪುತ್ರಪ್ಪನ ಕೈಗೇ ಸಿಕ್ಕಿತ್ತೋ? ಅವನ ಮೇಜಿನ ಮೇಲಿಂದಲೇ ತಾನೇ ಎಲ್ಲ ಕಾಗದ ದಾಟುವುದು? ಹುಷಾರಿಯಿಂದ ಇರು.

ಅವನನ್ನು ಕೇಳಬೇಡ. ಕೇಳಿದರೆ ಅವನೊಂದು ಸುಳ್ಳು ಹೇಳುತ್ತಾನೆ, ನೀನು ನಂಬುತ್ತೀ, ಅಲ್ಲಿಗೆ ಮುಗಿಯಿತು. ನೀನೇ ಹೋಗಿ ಕಣ್ಣಾರೆ ನೋಡು. ಇಂದ್ರಾಬಾಯಿಯನ್ನು ಕರೆದುಕೊಂಡು ಹೋಗು, ಆದರೆ ಅವಳನ್ನೂ ಪೂರಾ ನಂಬಬೇಡ. ಪರರ ಮನೆಯ ಬಾಗಿಲು ಎಣಿಸುತ್ತ ನಿಲ್ಲುವ ಹೆಂಗಸಿಗೆ ಅದರಲ್ಲಿ ಏನು ಲಾಭವೋ.

ಅವ್ವಗೆ ಇನ್ನೂ ತಿಳಿಸಿಲ್ಲ. ಭಾವನವರು ಗೌರಿ ಹುಣ್ಣಿಮೆಯ ಹೊತ್ತಿಗೆ ಮುಂಬಯಿಗೆ ಬರುತ್ತಾರೆ. ಹಬ್ಬಕ್ಕೆ ಕರೆಯಲು ಬಂದೆ ಅನ್ನುತ್ತಾರೆ. ನೀನು ಟ್ರಂಕು ಕಟ್ಟಿಕೊಂಡು ಹೊರಡು. ಮತ್ತೆ ಕಳಿಸುವುದೋ ಬಿಡುವುದೋ ಆಮೇಲೆ ನೋಡೋಣ.

ನಿನ್ನ ಅಕ್ಕ
ನಾಗವ್ವ

&nbsp;

ಭಾಂಡುಪ್
೧೨ ನವೆಂಬರ್ ೧೯೭೨

ನಮ್ಮ ನಾಗಕ್ಕಗೆ,

ಭಾವನವರನ್ನು ಕಳಿಸಬೇಡ. ಮೊದಲು ಈ ಮಾತು, ಆಮೇಲೆ ಉಳಿದದ್ದು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಇಲ್ಲಿ ನಡೆದದ್ದು ಒಂದು ಎಳೆಗೆ ಬರುವ ತನಕ ನಿನಗೆ ಏನೆಂದು ಬರೆಯಲಿ?

ದಸರೆ ಮುಗಿದ ವಾರ ಇಂದ್ರಾಬಾಯಿಯ ಜೊತೆ ಚೆಂಬೂರಿಗೆ ಹೋದೆ. ಗಲ್ಲಿಯ ಬಾಯಿಗೆ ಒಂದು ಬಳೆ ಅಂಗಡಿ, ಅದರ ಮುಂದೆ ಬಳೆ ನೋಡುವವರ ಹಾಗೆ ನಿಂತೆವು. ಸಂಜೆ ಇವರು ಬಂದರು. ತಲೆ ಕೆಳಗೆ ಹಾಕಿ, ಹಿಂದೆ ಮುಂದೆ ನೋಡಿ, ಒಂದು ತಗಡಿನ ಮನೆಯ ಬಾಗಿಲು ಬಡಿದರು. ಕೈಯಿಂದಲ್ಲ, ಮೊಣಕೈಯಿಂದ. ಅದು ನನಗೆ ವಿಚಿತ್ರ ಅನ್ನಿಸಿತು, ಆದರೆ ಆಗ ಯೋಚಿಸುವ ತಲೆ ಎಲ್ಲಿತ್ತು. ಸೆರಗು ಹೊತ್ತವಳು ಬಾಗಿಲು ತೆಗೆದಳು, ಇವರು ಒಳಗಾದರು. ಇಂದ್ರಾಬಾಯಿ “ಥಾಂಬಾ, ಥಾಂಬಾ, ನಿಲ್ರಿ” ಅನ್ನುತ್ತ ರಟ್ಟೆ ಹಿಡಿದು ಜಗ್ಗಿದರೂ ಕೊಸರಿಕೊಂಡು ಹೋಗಿ ಬಾಗಿಲು ದೂಡಿದೆ.

ಒಳಗೆ ಗೋಡೆಗುಂಟ ಗಂಡಸರು ಸಾಲಾಗಿ ಕೂತಿದ್ದರು ಅಕ್ಕಾ. ಒಬ್ಬೊಬ್ಬರ ಮುಂದೆ ಒಂದೊಂದು ಬೋಗುಣಿ, ಅದರ ಬಿಸಿನೀರಿನಲ್ಲಿ ಮುಂಗೈ ಮುಳುಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಸುಮ್ಮನೆ. ಎಲ್ಲರೂ ಅವರ ಕಚೇರಿಯ ಶಿಕ್ಕಾ ಮೇಜಿನವರೇ. ಹಾಶಿಮ ಅಂತ ನಮ್ಮವರ ಗೆಳೆಯ, ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ, ಅವನೂ ಇದ್ದ. ಅವನ ಮಗ್ಗುಲಿಗೆ ನಮ್ಮವರು.

ಬಾಗಿಲು ತೆಗೆದಾಕೆ ಬೀಬೀಜಾನ, ನಮ್ಮ ಅವ್ವನ ವಯಸ್ಸಿನವಳು. ಆಕೆಯ ಗಂಡ ಗನಿಸಾಬ ನಮ್ಮ ವಿಜಾಪುರದವನೇ. ಹಿಂದೆ ಕುಸ್ತಿ ತಾಲೀಮಿನ ಉಸ್ತಾದನಾಗಿದ್ದವನು, ಈಗ ಉಳುಕಿದ ಕೈಕಾಲು ತಿಕ್ಕಿ ಸರಿ ಮಾಡುತ್ತಾನೆ. ಮೂಗಿಗೆ ಚುಚ್ಚುವ ಆ ವಾಸನೆ ಅವನ ಎಣ್ಣೆಯದು.

“ಬಾ ಬೇಟೀ, ಕೂಡು. ನೀ ಯಾರ ಮನಿಯಾಕಿ?” ಅಂದ. ಇವರು ತಲೆ ಎತ್ತದೆ, “ನನ್ನ ಮನಿಯಾಕಿ” ಅಂದರು.

ಗನಿಸಾಬ ಇವರ ಕೈ ನೀರಿನಿಂದ ಎತ್ತಿ ನನಗೆ ತೋರಿಸಿದ. ಮಣಿಕಟ್ಟು ಬಾತು ಹೊಳೆಯುತ್ತಿತ್ತು, ಬೆರಳು ಮಡಚಲು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಬಲಗೈ ಸೋತಾಗ ಎಡಗೈಯಿಂದ ಶಿಕ್ಕಾ ಹೊಡೆದಿದ್ದಾರೆ, ಅದೂ ಹಾಗೇ ಆಗಿದೆ. ಈ ಕೈಯಿಂದ ರೊಟ್ಟಿ ಮುರಿಯುವುದು ಹೇಗೆ, ಲಿಂಗ ಜಾರಿ ಬಿದ್ದೀತೆಂದೇ ಆ ಕಂಬಳಿ. “ಯೇ ಹಾತ್ ಹೈ ಬೇಟೀ, ಲೋಹಾ ನೈ. ಕೈ ಇದು, ಕಬ್ಬಣ ಅಲ್ಲ. ನಾ ಇವತ್ತ ತಿಕ್ಕತೀನಿ, ಇವರು ನಾಳಿ ಮತ್ತ ಬಡೀತಾರ. ನನ್ನ ಎಣ್ಣಿ ಏನ ಮಾಡೀತು?” ಅಂದ.

ಸಂಗತಿ ಹೀಗೆ ಅಕ್ಕಾ. ಶಿಕ್ಕಾ ಹೊಡೆಯುವ ಮೇಜಿನ ಮೇಲೆ ದಪ್ಪ ರಬ್ಬರಿನ ಹಾಸು ಇರುತ್ತಿತ್ತಂತೆ. ಕಾಗದ ಅದರ ಮೇಲಿಟ್ಟು ಹೊಡೆದರೆ ಪೆಟ್ಟು ರಬ್ಬರಿಗೆ ಇಳಿಯುತ್ತದೆ, ಅಕ್ಷರವೂ ಚೆಂದ ಏಳುತ್ತದೆ. ಆ ಹಾಸು ಸವೆದು ಹರಿದಾಗ ಹೊಸದಾಗಿ ಬಂದ ಸಾಹೇಬ ಬೇರೆ ತರಿಸಲಿಲ್ಲ. ಹಳೆ ಪೇಪರು ಮಡಚಿ ಹಾಕಿಕೊಳ್ಳಿ, ಸರಕಾರದ ದುಡ್ಡು ಗಿಡದಲ್ಲಿ ಬೆಳೆಯುವುದಿಲ್ಲ ಅಂದನಂತೆ. ಶಿಕ್ಕಾದ ಕಟ್ಟಿಗೆಯ ಹಿಡಿ ಸೀಳಿದರೆ ಸುತಲಿ ಹುರಿ ಸುತ್ತಿ ಕೊಟ್ಟನಂತೆ. ಖರ್ಚು ಇಳಿಸಿದನೆಂದು ಮೇಲಿನವರು ಅವನಿಗೆ ಶಾಭಾಸ್ ಅಂದರು. ಪೇಪರಿನ ಮೇಲೆ ಅಕ್ಷರ ಏಳುವುದಿಲ್ಲ, ಅದಕ್ಕೆ ಇವರು ಇನ್ನೂ ಜೋರಾಗಿ ಹೊಡೆಯಬೇಕು. ಪೆಟ್ಟೆಲ್ಲ ಮೇಜಿಗೆ ತಾಗಿ ತಿರುಗಿ ಕೈಗೇ ಬರುತ್ತದೆ. ನಿನಗೆ ಬಂದ ನನ್ನ ಲಕೋಟೆಯನ್ನು ಯಾರೂ ಬಿಚ್ಚಿರಲಿಲ್ಲ. ಇಂಥ ಯಾವುದೋ ಪೆಟ್ಟು ಬಿದ್ದು ಹರಿದಿತ್ತು.

ನನಗೆ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀ, ನಾನೂ ಕೇಳಿದೆ. ಕೈ ನೋಯುತ್ತದೆ ಎಂದು ಮೊದಲು ಬಾಯಿ ಬಿಟ್ಟವನು ಸಂಗಪ್ಪ ಅಂತ ಒಬ್ಬ. ಕಾಯಂ ಆಗಿರಲಿಲ್ಲ. ಕೆಲಸಕ್ಕೆ ಬಾರದವನು ಎಂದು ಮರುದಿನವೇ ಬಿಡಿಸಿದರು. ಅಂದಿನಿಂದ ಉಳಿದವರು ಒಬ್ಬರ ಮೇಲೊಬ್ಬರು ಸಂಶಯ. ಯಾರು ಯಾರ ಸುದ್ದಿ ಸಾಹೇಬನ ಕಿವಿಗೆ ಹಾಕುತ್ತಾರೋ ಎಂದು ಅಂಜಿ, ಒಬ್ಬರಿಗೊಬ್ಬರು ತಿಳಿಸದೆ ಕದ್ದು ಗನಿಸಾಬನ ಮನೆ ಹುಡುಕಿಕೊಂಡು ಬಂದು, ಅವನ ಬಾಗಿಲಲ್ಲೇ ಮುಖಾಮುಖಿ ಆದರಂತೆ. ಆದರೂ ಕಚೇರಿಯಲ್ಲಿ ಆ ಮಾತು ಎತ್ತುವುದಿಲ್ಲ.

ನನಗೆ ಎಲ್ಲಿಂದ ಧೈರ್ಯ ಬಂತೋ. “ಒಬ್ಬರು ಅಂದ್ರ ಬಿಡಸ್ತಾರ ಖರೆ. ಇಷ್ಟೂ ಮಂದಿ ಕೂಡಿ ಕೈ ತೋರಿಸಿದ್ರ ಮರುದಿನ ಶಿಕ್ಕಾ ಯಾರ ಹೊಡೀತಾರ, ಸಾಹೇಬರ ಹೊಡೀತಾರ?” ಅಂದೆ. ಹಾಶಿಮ ಒಬ್ಬ ನಕ್ಕ. ಉಳಿದವರು ಬೋಗುಣಿಯ ನೀರು ನೋಡುತ್ತ ಕೂತರು.

ಇಂದ್ರಾಬಾಯಿ ತಂಗಿಯ ಮನೆಗೆ ಹೋದಳು, ನಾವಿಬ್ಬರೇ ತಿರುಗಿ ಬಂದೆವು. ಕುರ್ಲಾ ಸ್ಟೇಷನ್ನಿನಲ್ಲಿ ಒಂದು ಲೋಕಲ್ ಬಿಟ್ಟರು, ಇನ್ನೊಂದು ಬಿಟ್ಟರು. ಯಾಕೆ ಹತ್ತುವುದಿಲ್ಲ ಅಂದೆ. “ಗದ್ದಲದಾಗ ಮ್ಯಾಲಿನ ಹಿಡಿಕಿ ಹಿಡೀಲಿಕ್ಕೆ ಆಗಂಗಿಲ್ಲ ನನಗ. ಒಮ್ಮೆ ಬಾಗಲದಾಗ ನಿಂತು ಕೈ ಬಿಟ್ಟೇಬಿಟ್ಟಿತ್ತು. ಯಾರೋ ಕಾಲರ್ ಹಿಡದು ಒಳಗ ಎಳಕೊಂಡ್ರು” ಅಂದರು. ತಡವಾಗುತ್ತಿದ್ದದ್ದು ಅದಕ್ಕೆ. ಲೋಕಲ್ ತುಂಬಿತ್ತು ಅನ್ನುತ್ತಿದ್ದದ್ದು ಸುಳ್ಳಲ್ಲ.

ಆಮೇಲೆ ಅವರೇ ಕೇಳಿದರು, “ನನ್ನ ಹಿಂದ ಬಂದೀಯಲ್ಲ, ಏನ ಅನ್ಕೊಂಡಿದ್ದಿ?”

“ದಾರೂ ಅನ್ಕೊಂಡೆ. ಆಮ್ಯಾಲ ಹೆಂಗಸು ಅನ್ಕೊಂಡೆ” ಅಂದೆ.

ಬಯ್ಯುತ್ತಾರೆ ಎಂದುಕೊಂಡೆ. “ಕುಡದಿದ್ರ ಮನ್ಯಾಗ ಹೇಳೂದು ಹಗುರ ಇತ್ತು ನೋಡು” ಅಂದರು. ಅಷ್ಟು ಮಂದಿಯ ನಡುವೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ದೀಪಾವಳಿಯ ಟಪಾಲು ಬಂದಾಗ ಕಚೇರಿಯ ಕೆಲಸ ಕೈಮೀರಿತು. ಚೀಲದ ಮೇಲೆ ಚೀಲ ಬಿದ್ದು ಕಿಡಕಿ ಮುಚ್ಚಿತು. ತಾರೀಖು ಕಾಣುವುದಿಲ್ಲ ಎಂದು ಒಂದು ಬ್ಯಾಂಕಿನಿಂದ ತಕರಾರು, ಕೋರ್ಟಿನ ಕಾಗದದ ಬಗ್ಗೆ ವಕೀಲನೊಬ್ಬನ ತಕರಾರು. ಇವರೆಲ್ಲ ಬೇಕೆಂತಲೇ ನಿಧಾನ ಮಾಡುತ್ತಿದ್ದಾರೆ, ಹರತಾಳಕ್ಕೆ ತಯಾರಿ ನಡೆಸಿದ್ದಾರೆ ಎಂದು ಸಾಹೇಬ ಮೇಲಿನವರಿಗೆ ಬರೆದ. ದೊಡ್ಡ ಸಾಹೇಬರು ತಾವೇ ಬಂದು ಮೇಜಿನ ಹಿಂದೆ ನಿಂತರು. ನನ್ನೆದುರು ಹೊಡೆ ನೋಡೋಣ ಎಂದು ಹಾಶಿಮನಿಗೆ ಹೇಳಿದರು. ಅವನು ಹೊಡೆದ, ಹೊಡೆಯುತ್ತಲೇ ಶಿಕ್ಕಾ ಕೈಯಿಂದ ಹಾರಿ ನೆಲಕ್ಕೆ ಬಿತ್ತು. ನಾಟಕ ಅಂದ ಇವರ ಸಾಹೇಬ.

ಆಗ ನಮ್ಮವರು ಎದ್ದು ತೋಳು ಮೇಲೆ ಸರಿಸಿ, ಎರಡೂ ಕೈ ಮೇಜಿನ ಮೇಲೆ ಇಟ್ಟರಂತೆ. ಮೊದಲು ಇಟ್ಟವರು ನಮ್ಮವರೇ ಅಕ್ಕಾ. ಹಾಶಿಮ ಇಟ್ಟ. ಆಮೇಲೆ ಒಬ್ಬೊಬ್ಬರೇ ಎಲ್ಲರೂ. ದೊಡ್ಡ ಸಾಹೇಬರು ಆ ಕೈಗಳನ್ನು ನೋಡಿ, ಕುರ್ಚಿ ತರಿಸಿಕೊಂಡು ಕೂತುಬಿಟ್ಟರಂತೆ.

ಸರಕಾರಿ ಡಾಕ್ಟರು ನೋಡಿ ಎಲ್ಲರಿಗೂ ರಜೆ ಬರೆದರು. ಶಿಕ್ಕಾ ಮೇಜು ಖಾಲಿಯಾಯಿತು. ಹೊರಗಿನ ಮಂದಿಯನ್ನು ದಿನಗೂಲಿಗೆ ತಂದರು, ಅವರಿಗೆ ಕೆಲಸ ಗೊತ್ತಿಲ್ಲ, ಉಳಿದ ವಿಭಾಗದವರಿಗೆ ಓವರ್‌ಟೈಮು ಕೊಟ್ಟು ಕೂಡಿಸಿದರು. ಆದರೂ ದೀಪಾವಳಿಯ ಶುಭಾಶಯದ ಕಾರ್ಡುಗಳು ಈಗ ಮನೆಗಳಿಗೆ ಮುಟ್ಟುತ್ತಿವೆ. ಹೊಸ ರಬ್ಬರ್ ಹಾಸು ಬಂದಿದೆ, ಹೊಸ ಹಿಡಿ ಬಂದಿದೆ. ಮೊದಲೇ ತರಿಸಿದ್ದರೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಹೋಯಿತಂತೆ. ಸಾಹೇಬನನ್ನು ಬೇರೆ ಕಡೆ ಹಾಕಿದರು, ಅಷ್ಟೇ. ಸಂಗಪ್ಪನನ್ನು ತಿರುಗಿ ಕರೆಯಲು ಇವರೆಲ್ಲ ಕೂಡಿ ಕೇಳಿದರು. ಒಪ್ಪಿಗೆ ಸಿಕ್ಕಿತು, ಆದರೆ ಆಂಟಾಪ್ ಹಿಲ್ಲಿನ ಖೋಲಿ ಬಿಟ್ಟು ಅವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ.

ನಮ್ಮವರ ಕೈ ಈಗ ಹಗುರಾಗಿದೆ. ಡಾಕ್ಟರು ಬಿಸಿಮೇಣದಲ್ಲಿ ಅದ್ದಲು ಹೇಳಿದ್ದಾರೆ. ಮುಂದಿನ ತಿಂಗಳು ಹಾಜರಾಗುತ್ತಾರೆ, ಟಪಾಲು ಬೇರ್ಪಡಿಸುವ ಕಡೆ ಹಾಕುತ್ತಾರಂತೆ. ಅವ್ವನಿಗೆ ಏನಾದರೂ ತಿಳಿದಿದ್ದರೆ, ಎಲ್ಲ ನೆಟ್ಟಗಾಯಿತು ಎಂದು ಹೇಳು. ಭಾವನವರಿಗೆ ನಮಸ್ಕಾರ. ಹುಣ್ಣಿಮೆಗೆ ನಾನು ಬರುವುದಿಲ್ಲ.

ನಿನ್ನ ತಂಗಿ
ರುದ್ರವ್ವ

ತಾ.ಕ.: ಕೈ ಹಗುರಾಗಿದೆ ಎಂದು ಮೇಲೆ ಬರೆದದ್ದನ್ನು ಅವರ ಎದುರೇ ಕೂತು ಬರೆದೆ, ಓದಿ ತೋರಿಸಿದೆ, ಹೂಂ ಅಂದರು. ಈಗ ಅವರು ಹೊರಗೆ ಗ್ಯಾಲರಿಯಲ್ಲಿದ್ದಾರೆ. ಇಂದ್ರಾಬಾಯಿಯ ಮೊಮ್ಮಗಳು ಎತ್ತಿಕೋ ಎಂದು ಎರಡೂ ತೋಳು ಚಾಚಿ ನಿಂತಿದೆ. ಇವರು ಬಗ್ಗಿದರು, ಕೂಸಿನ ಬಗಲಿಗೆ ಕೈ ಹಾಕಿದರು, ಹಾಗೇ ತುಸು ಹೊತ್ತು ಇದ್ದು ಕೈ ತೆಗೆದರು. ಆಮೇಲೆ ಏನೂ ಆಗದವರ ಹಾಗೆ ನೆಲದ ಮೇಲೆ ಕಾಲು ಚಾಚಿ ಕೂತರು. ಕೂಸು ತಾನೇ ತೊಡೆ ಹತ್ತಿ ಕೂತಿತು. ನಾನು ಬಾಗಿಲ ಮರೆಯಿಂದ ನೋಡಿದೆ. ಅವರು ಹೇಳುವ ತನಕ ನಾನು ಕೇಳುವುದಿಲ್ಲ, ನೀನೂ ನಿನ್ನ ಕಾಗದದಲ್ಲಿ ಕೇಳಬೇಡ.