ಉಮ್ಮ ಹೇಳಿಕೊಟ್ಟದ್ದು

ಜುಲೈ 8, ಮಂಗಳವಾರ. ಸಂಜೆ 6

ಕಾಪುವಿನ ಶಾಲೆಯಿಂದ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ನೋವು.

ಎಂಟನೇ ಕ್ಲಾಸಿಗೆ ತಿದ್ದಿದ ಇಂಗ್ಲಿಷ್ ಟೆಸ್ಟ್ ಪೇಪರ್ ಹಂಚಿದೆ. ಫಾರ್ಮ್ ತುಂಬುವುದಕ್ಕೆ ಉಮೈರಾ ‘ಫಿಲ್ ಔಟ್’ ಎಂದು ಬರೆದಿದ್ದಾಳೆ. ಹದಿನೆಂಟು ವರ್ಷದಿಂದ ‘ಫಿಲ್ ಇನ್’ ಕಲಿಸುತ್ತಿರುವವಳು ನಾನು. ಅರ್ಧ ಮಾರ್ಕ್ ಕಟ್. ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ಉಮ್ಮನಂತೆ, ಎಂದರೆ ಅವಳ ಅಮ್ಮ. ಉಮ್ಮ ಎಷ್ಟು ಓದಿದ್ದಾರೆ? ಐದನೇ ಕ್ಲಾಸ್.

“ಹಾಗಾದರೆ ನಾಳೆಯಿಂದ ನಿನ್ನ ಉಮ್ಮನೇ ಬಂದು ಪಾಠ ಮಾಡಲಿ, ಅಲ್ವಾ?”

ಕ್ಲಾಸ್ ಇಡೀ ನಕ್ಕಿತು. ನಾನೂ ನಕ್ಕೆ.

ಜುಲೈ 9

ಮಣಿಪಾಲದ ಗೆಳತಿ ವನೆಸ್ಸಾ ಅಮೆರಿಕದ ಕಂಪೆನಿಗೆ ಕೆಲಸ ಮಾಡುವವಳು. ಫೋನಿನಲ್ಲಿ ತಮಾಷೆಗೆಂದು ಹೇಳಿದೆ. ಅವಳು ನಗಲಿಲ್ಲ. ಅಮೆರಿಕದವರು ‘ಫಿಲ್ ಔಟ್’ ಎಂದೇ ಹೇಳುವುದಂತೆ. ‘ಫಿಲ್ ಇನ್’ ಹೆಚ್ಚಾಗಿ ಬ್ರಿಟಿಷರದ್ದು. ಎರಡೂ ಸರಿ.

ಡಿಕ್ಷನರಿ ತೆಗೆದೆ... ಇದೆ.

ಜುಲೈ 10

ಕ್ಲಾಸಿನಲ್ಲಿ ಹೇಳಬೇಕೆಂದೇ ಹೋದೆ. ಬಾಯಿ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಅವಳ ಮಾರ್ಕಿಗೆ ಅರ್ಧ ಸೇರಿಸಿದೆ, ಗುಟ್ಟಾಗಿ. ಬೈಯುವಾಗ ಮಾತ್ರ ನಲವತ್ತು ಮಕ್ಕಳ ಎದುರು. ಹೇಡಿ.

ಜುಲೈ 21, ಸೋಮವಾರ

ಪೋಷಕರ ಸಭೆ. ಉಮೈರಾಳ ಉಮ್ಮ ಹಫೀಝಾ ಬಂದಿದ್ದರು. ಬಹರೈನಿನಲ್ಲಿ ಎಂಟು ವರ್ಷ ಅಮೆರಿಕದವರ ಮನೆಯಲ್ಲಿ ಅಡುಗೆ ಮಾಡಿದವರಂತೆ. ಇಂಗ್ಲಿಷ್ ಕಲಿತದ್ದು ಅಲ್ಲಿ. ಆ ಮನೆಯ ಮೇಡಂ ಕಲಿಸಿದ ಬಾಳೆಹಣ್ಣಿನ ಕೇಕ್ ಡಬ್ಬಿ ತುಂಬ ತಂದಿದ್ದರು, ನನಗೆಂದೇ. ಮಗಳ ಮಾರ್ಕ್ ಲಿಸ್ಟ್ ನೋಡಿ ಹೇಳಿದರು:

“ಪಾಪ ಅಂತ ಅರ್ಧ ಮಾರ್ಕ್ ವಾಪಸ್ ಕೊಟ್ಟಿದ್ದೀರಿ ಟೀಚರ್. ನನ್ನದು ಅಡಿಗೆಕೋಣೆಯ ಇಂಗ್ಲಿಷ್. ಇನ್ನು ನನ್ನ ಹತ್ತಿರ ಎಂತದೂ ಕೇಳಬೇಡ ಅಂತ ಮಗಳಿಗೆ ಹೇಳಿದ್ದೇನೆ.”

ಆಗಲೇ ಹೇಳಬೇಕಿತ್ತು. “ಪರವಾಗಿಲ್ಲ” ಅಂದೆ. ಪರವಾಗಿಲ್ಲವಂತೆ! ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ.

ಕೇಕ್ ತಿಂದೆ. ಚೆನ್ನಾಗಿತ್ತು. ನಾಚಿಕೆಯಾಗುತ್ತಿದೆ. ಆ ತಾಯಿ ಮಗಳಿಗೆ ಹೇಳಿಕೊಡುವುದನ್ನೇ ನಿಲ್ಲಿಸಿಬಿಟ್ಟೆನಲ್ಲ.

ಜುಲೈ 22

ಬೋರ್ಡಿನ ಮೇಲೆ ಎರಡನ್ನೂ ಬರೆದೆ. ಇದು ಬ್ರಿಟಿಷ್, ಅದು ಅಮೆರಿಕನ್, ಎರಡೂ ಸರಿ — ಹೊಸ ಪಾಠದಂತೆ, ಗತ್ತಿನಿಂದ. ಅಂದಿನ ಮಾತು ಎತ್ತಲೇ ಇಲ್ಲ. ಎಲ್ಲರೂ ಬರೆದುಕೊಂಡರು. ಉಮೈರಾ ಪೆನ್ನು ಮುಟ್ಟಲಿಲ್ಲ. ಯಾಕೆ ಎಂದು ಕೇಳಿದೆ. ಎದ್ದು ನಿಂತಳು.

“ಇದು ನನಗೆ ಉಮ್ಮ ಮೊದಲೇ ಹೇಳಿಕೊಟ್ಟದ್ದುಂಟು ಟೀಚರ್.”

ಈ ಸಲ ಯಾರೂ ನಗಲಿಲ್ಲ. ಚಾಕ್ ಕೆಳಗಿಟ್ಟೆ. ಉಮೈರಾ, ಅಂದೆ, ಎಲ್ಲರ ಎದುರು. ಆ ದಿನ ತಪ್ಪಿದ್ದು ನಾನು, ನಿನ್ನ ಉಮ್ಮ ಅಲ್ಲ.